ಹಲೋ, ಅಧ್ಯಕ್ಷರೇ ಮಾತಾಡ್ತಿರೋದು!

ನಮ್ಮ ಪಂಚಾಯ್ತಿ ಅಧ್ಯಕ್ಷರ ನಂಬರಿಗೆ ಫೋನ್ ಮಾಡಿ ನೋಡಿ, ಎರಡನೇ ರಿಂಗಿಗೇ ಗಡಸು ದನಿಯೊಂದು "ಹೇಳ್ರೀ, ಅಧ್ಯಕ್ಷರೇ ಮಾತಾಡ್ತಿರೋದು" ಅನ್ನತ್ತೆ. ಅಧ್ಯಕ್ಷರು ಹೆಣ್ಮಗಳಲ್ವಾ ಅಂತ ಗಾಬರಿ ಬೀಳಬೇಡಿ, ಆಯಮ್ಮ ಹೊಲದಲ್ಲಿರ್ತಾರೆ, ಅಧಿಕಾರ ಮಾತ್ರ ಯಜಮಾನ್ರ ಜೇಬಲ್ಲಿರತ್ತೆ. ನಿಜವಾಗ್ಲೂ ಜೇಬಲ್ಲೇ ಕಣ್ರೀ. ಮೊದ್ಲು ಚೆಕ್ಕಿಗೆ ಸೈನ್ ಹಾಕ್ಸೋಕಾದ್ರೂ ಮನೆ ತನಕ ಬರಬೇಕಿತ್ತು, ಈಗ ಡಿಜಿಟಲ್ ಸಹಿ, ಅದನ್ನ ಹಾಕೋ ಪೆನ್‌ಡ್ರೈವಿನಂಥ ಡೋಂಗಲ್ಲು ಬೈಕ್ ಕೀ ಜೊತೆ ನೇತಾಡ್ತಿದೆ.

ಹಾಗಂತ ನಾವೇನು ಹಿಂದುಳಿದೋರಲ್ಲ. ದೇಶದ ಕಾಯ್ದೆಗಿಂತ ಮೊದ್ಲೇ, 1983ರ ಕಾಯ್ದೇಲೇ, ನಜೀರ್ ಸಾಬ್ರು ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲದಲ್ಲಿ, ನಮ್ಮ ರಾಜ್ಯ ಪಂಚಾಯ್ತೀಲಿ ಹೆಂಗಸರಿಗೆ 25 ಪರ್ಸೆಂಟ್ ಸೀಟು ಕೊಟ್ಟಿತ್ತು, 2010ರಲ್ಲಿ ಅದು ಅರ್ಧಕ್ಕೇ ಏರ್ತು, ಜೊತೆಗೆ ಯಜಮಾನ್ರೂ ಏರಿದ್ರು. 2025ರ ಮಾರ್ಚಲ್ಲಿ ಛತ್ತೀಸ್‌ಗಢದ ಪರಸ್ವಾರಾ ಅನ್ನೋ ಊರಲ್ಲಿ ಗೆದ್ದ ಆರು ಹೆಂಗಸರ ಬದ್ಲು ಅವರ ಗಂಡಂದಿರೇ ಪ್ರಮಾಣವಚನ ತಗೊಂಡಿದ್ದು ಸುದ್ದಿಯಾಯ್ತಲ್ಲ, ನಮ್ಮೋರು ಬಿದ್ದು ಬಿದ್ದು ನಕ್ಕರು. ಪೆದ್ದರು! ಪ್ರಮಾಣ ಹೆಂಡ್ತಿ ಕೈಲಿ ಮಾಡ್ಸಿ ಆಮೇಲೆ ಆಳಬೇಕು ಅನ್ನೋ ಬುದ್ಧಿ ಬೇಡ್ವಾ?

ಇಷ್ಟರ ಮೇಲೆ "ಹೆಣ್ಮಕ್ಕಳಿಗೆ ಆತ್ಮವಿಶ್ವಾಸ ಕಮ್ಮಿ" ಅಂತ ತರಬೇತಿ ಬೇರೆ. ಯಜಮಾನ್ರೂ ಹೋಗಿದ್ರು, ಮುಂದಿನ ಸಾಲಲ್ಲೇ ಕೂತ್ರು, ನಾಯಕತ್ವ ಅಂದ್ರೇನು ಅಂತ ಮೇಡಂ ಕೇಳಿದ ತಕ್ಷಣ, ಹೆಂಡ್ತಿ ಬಾಯಿ ಬಿಡೋ ಮೊದ್ಲೇ ಕೈ ಎತ್ತಿದ್ರಂತೆ. ಸರ್ಟಿಫಿಕೇಟ್ ಮಾತ್ರ ಆಯಮ್ಮನ ಹೆಸರಿಗೇ ಬಂತು ಪಾಪ. ಹತ್ತು ವರ್ಷದಿಂದ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೀತಿರೋ ಹೆಂಗಸು ಅದು, ಯಾರದ್ದು ಎಷ್ಟು ಕಂತು ಬಾಕಿ ಅಂತ ಪುಸ್ತಕ ತೆಗೀದೇ ಹೇಳ್ತಾರೆ, ಯಜಮಾನ್ರ ಬೈಕಿಗೆ ಅಂತ ಎತ್ತಿದ ಸಾಲದ್ದೂ ಸೇರಿ. ಆದ್ರೂ ಆತ್ಮವಿಶ್ವಾಸ ಕಮ್ಮಿ! ಜಾಸ್ತಿ ಆದೋರಿಗೆ ಇಳಿಸೋ ತರಬೇತಿ ಏನಾದ್ರೂ ಇದ್ಯಾ ಅಂತ ಯಾರೂ ವಿಚಾರಿಸಿದ್ ಹಾಗಿಲ್ಲ.

ಮೊನ್ನೆ ಗ್ರಾಮಸಭೇಲಿ ಯಜಮಾನ್ರು ಮೈಕ್ ಹಿಡಿದು "ನಾನು ಅಧ್ಯಕ್ಷನಾದ ಮೇಲೆ" ಅಂತ ಶುರು ಮಾಡಿದ್ರು. ಹಿಂದಿಂದ ಯಾರೋ, ಬೋರ್‌ವೆಲ್ ಮೋಟ್ರು ಸುಟ್ಟು ಎಷ್ಟು ದಿನ ಆಯ್ತು ಹೇಳಿ ನೋಡೋಣ ಅಂದ್ರು. ಯಜಮಾನ್ರು ಪಿಡಿಒ ಮುಖ ನೋಡಿದ್ರು, ಪಿಡಿಒ ನಡಾವಳಿ ಪುಸ್ತಕ ನೋಡಿದ್ರು. ಪಕ್ಕದ ಕುರ್ಚೀಲಿ ಸೆರಗು ಸರಿಮಾಡ್ಕೊಂಡು ಕೂತಿದ್ದ ಆಯಮ್ಮ ಮೈಕೂ ಇಲ್ದೆ ಹೇಳಿದ್ರು, "ಹನ್ನೊಂದು ದಿನ."

ತಕ್ಷಣ ಯಜಮಾನ್ರು ಮೈಕಲ್ಲಿ, "ಅದೇ ನಾನ್ ಹೇಳೋಕ್ ಬಂದಿದ್ದು. ಹನ್ನೊಂದು ದಿನ!"