ಯಜಮಾನನಿಲ್ಲದ ಕೆಲಸ, ಮೂರು ಗೆರೆಯ ಚೀಟಿ

ಡಾಕ್ಟರಾಗಿದ್ದುಕೊಂಡೇ ವಕೀಲಿಕೆಯನ್ನೂ ಮಾಡುತ್ತೇನೆಂದು ವೈದ್ಯರೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಆಗದು ಎಂದು 1996ರಲ್ಲಿ ತೀರ್ಪು ಬಂತು. ವಕೀಲಿಕೆ ಪೂರ್ತಿ ಹೊತ್ತು, ಪೂರ್ತಿ ಮನಸ್ಸು ಬೇಡುವ ವೃತ್ತಿ. ಬೆಳಿಗ್ಗೆ ರೋಗಿ, ಮಧ್ಯಾಹ್ನ ಕಕ್ಷಿದಾರ ಎಂದರೆ ಇಬ್ಬರಿಗೂ ಮೋಸ. ಒಪ್ಪತಕ್ಕ ಮಾತೇ. 2018ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಮುಂದೆ ಇನ್ನೊಂದು ಪ್ರಶ್ನೆ: ಸಂಸದರು, ಶಾಸಕರು ಕರಿಕೋಟು ಹಾಕಬಹುದೇ? ಹಾಕಬಹುದು ಎಂದು ಉತ್ತರ. ವಕೀಲರ ನಿಯಂತ್ರಣ ಮಂಡಳಿಯಾದ ಬಾರ್ ಕೌನ್ಸಿಲ್‌ನ 49ನೇ ನಿಯಮ ತಡೆಯುವುದು ಪೂರ್ಣಾವಧಿ ಸಂಬಳದ ನೌಕರರನ್ನು. ಸಂಸದರಿಗೆ ಬೊಕ್ಕಸದಿಂದ ಸಂಬಳ ಬಂದರೂ ಅವರು ಯಾರ ನೌಕರರೂ ಅಲ್ಲ, ಅವರಿಗೆ ಯಜಮಾನನೆಂಬುವನಿಲ್ಲ.

ಎರಡೂ ತೀರ್ಪನ್ನು ಪಕ್ಕಪಕ್ಕ ಇಟ್ಟುಕೊಂಡರೆ ಸಾಮಾನ್ಯನಿಗೆ ತಿಳಿಯುವುದಿಷ್ಟು: ರೋಗಿಯ ನಾಡಿ ಹಿಡಿದವನಿಗೆ ಕೋರ್ಟಿಗೆ ಬಿಡುವಿರುವುದಿಲ್ಲ, ದೇಶಕ್ಕೆ ಕಾನೂನು ಮಾಡುವವನಿಗೆ ಇರುತ್ತದೆ.

ಈಗ ಆ ಯಜಮಾನನಿಲ್ಲದ ಮನುಷ್ಯನನ್ನು ನೋಡಿ. ಜಿಲ್ಲಾ ಕೋರ್ಟಿನಲ್ಲಿ ಅರ್ಧ ಆಯುಸ್ಸು ಸವೆಸಿದ ವಕೀಲ್ ಸಾಹೇಬರು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದರೆ ಸಾಕು, ಅದೊಂದನ್ನೇ ಹಿಡಿದು ವಾಯಿದೆಯ ಮೇಲೆ ವಾಯಿದೆ ತಂದು ದಾವೆಯನ್ನು ಅಪ್ಪನಿಂದ ಮಗನಿಗೆ ದಾಟಿಸುವ ಪ್ರತಿಭೆ. ಒಂದು ಅಲ್ಪವಿರಾಮ ಕಂಡರೆ ತಕರಾರು ಅರ್ಜಿ. ಇಂಥವರು ಲೋಕಸಭೆಗೆ ಹೋದರೆ ಮಸೂದೆಗಳ ಚಳಿ ಬಿಡಿಸುತ್ತಾರೆ ಎಂದುಕೊಂಡೇ ಜನ ಓಟು ಹಾಕಿದ್ದು.

ಸದನದಲ್ಲಿ ಮತದಾನವಿರುವ ದಿನ ಪಕ್ಷದ ಸಚೇತಕರ ಕಚೇರಿಯಿಂದ ಚೀಟಿ ಬರುತ್ತದೆ. ಕೆಳಗೆ ಒಂದು ಗೆರೆ ಎಳೆದಿದ್ದರೆ ಮತದಾನವಿದೆ ಎಂಬ ಸುದ್ದಿ. ಎರಡಾದರೆ ಬಂದು ಕೂರಬೇಕು. ಮೂರಾದರೆ ಬರಬೇಕು ಮತ್ತು ಹೇಳಿದ ಕಡೆಗೇ ಕೈಯೆತ್ತಬೇಕು. ತಪ್ಪಿದರೆ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ಸದಸ್ಯತ್ವಕ್ಕೇ ಸಂಚಕಾರ. ಹದಿನೈದು ದಿನದೊಳಗೆ ಪಕ್ಷ ಕ್ಷಮಿಸಿದರೆ ಬಚಾವು. ಒಬ್ಬರೇ ದಾಟಿದರೆ ಅದು ಪಕ್ಷಾಂತರ. ಮೂರರಲ್ಲಿ ಎರಡು ಪಾಲು ಜನ ಒಟ್ಟಿಗೆ ದಾಟಿದರೆ ಅದರ ಹೆಸರು ವಿಲೀನ, ಅದಕ್ಕೆ ದೋಷವಿಲ್ಲ. ಸಾಹೇಬರು ಇದನ್ನೆಲ್ಲ ಬಲ್ಲವರು. ಹಾಗಾಗಿ ಮಸೂದೆ ಓದುವ ಬದಲು ಗೆರೆ ಎಣಿಸುತ್ತಾರೆ.

ಓದಬೇಕೆಂದರೂ ಪುರಸೊತ್ತು ಎಲ್ಲಿ? 2008ರ ಡಿಸೆಂಬರ್‌ನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿ ಚರ್ಚೆಯೇ ಇಲ್ಲದೆ ಪಾಸಾಯಿತು. ಅದರೊಳಗೆ 66ಎ ಎಂಬ ಕಲಂ ಕೂತಿತ್ತು. ಕಂಪ್ಯೂಟರಿನಲ್ಲೋ ಫೋನಿನಲ್ಲೋ ‘ತೀವ್ರವಾಗಿ ನೋಯಿಸುವ’ ಮಾತು ಕಳಿಸಿದರೆ, ಸುಳ್ಳೆಂದು ಗೊತ್ತಿದ್ದೂ ‘ಕಿರಿಕಿರಿ’, ‘ಅನಾನುಕೂಲ’ ಮಾಡಲು ಸಂದೇಶ ಕಳಿಸಿದರೆ ಮೂರು ವರ್ಷದವರೆಗೆ ಜೈಲು. ಕಿರಿಕಿರಿ ಎಂದರೆ ಎಷ್ಟು, ಯಾರಿಗೆ, ಅಳೆಯುವುದು ಯಾರು? ತಾಲ್ಲೂಕು ಕೋರ್ಟಿನ ಜೂನಿಯರ್ ಕೂಡ ಕೇಳುವ ಪ್ರಶ್ನೆ. ಸದನ ತುಂಬ ವಕೀಲರಿದ್ದರೂ ಅಂದು ಅದು ಎದ್ದು ಬರಲಿಲ್ಲ. ಫೇಸ್‌ಬುಕ್ಕಿನಲ್ಲಿ ಬರೆದವರು, ಅದನ್ನು ಲೈಕ್ ಮಾಡಿದವರು ಠಾಣೆ ಕಂಡ ಮೇಲೆ ವಿಷಯ ಕೋರ್ಟಿಗೆ ಹೋಯಿತು. ಅಲ್ಲಿ ವಕೀಲರು ಅದೇ ಪದಗಳನ್ನು ಒಂದೊಂದಾಗಿ ಹಿಂಜಿ ವಾದಿಸಿದರು. 2015ರ ಮಾರ್ಚ್ 24ರಂದು ಕಲಂ ರದ್ದಾಯಿತು. ಸದನದಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಯಬಹುದಾಗಿದ್ದ ವಾದಕ್ಕೆ ಆರು ವರ್ಷ ಹಿಡಿಯಿತು. ಸದನದಲ್ಲಿ ವಾದಿಸಿದರೆ ಫೀಸು ಕೊಡುವವರಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಆಗ ಇದ್ದದ್ದು ಯುಪಿಎ. ಈ ವಿಷಯದಲ್ಲಿ ನಮ್ಮಲ್ಲಿ ಪಕ್ಷಭೇದ ಇಲ್ಲ. 2018ರ ಮಾರ್ಚ್‌ನಲ್ಲಿ ಎನ್‌ಡಿಎ ಕಾಲದ ಹಣಕಾಸು ಮಸೂದೆ ಗದ್ದಲದ ನಡುವೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಲೋಕಸಭೆ ದಾಟಿತು. 2023ರ ಡಿಸೆಂಬರ್‌ನಲ್ಲಿ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆಗಳನ್ನೇ ಬದಲಿಸುವ ಮೂರು ಮಸೂದೆಗಳು ಪಾಸಾದ ಅಧಿವೇಶನದಲ್ಲಿ ಅಮಾನತಾಗಿದ್ದ ವಿರೋಧ ಪಕ್ಷದ ಸಂಸದರು 146. ಅವರಲ್ಲಿದ್ದ ವಕೀಲರು ಹೊರಗೆ ಫಲಕ ಹಿಡಿದರು, ಒಳಗಿದ್ದ ವಕೀಲರು ಮೇಜು ಕುಟ್ಟಿದರು. ಜನರ ಬಾಯಲ್ಲಿ ಬೈಗುಳವೇ ಆಗಿಹೋಗಿದ್ದ 420 ಈಗ 318. ಹೊಸ ನಂಬರಿಗೆ ಬೈಗುಳದ ಕಸುವು ಇನ್ನೂ ಬಂದಿಲ್ಲ.

ಸ್ವಂತ ಬುದ್ಧಿಯಿಂದ ಕಾನೂನು ಬರೆಯಲು ಸಂಸದರಿಗೆ ದಾರಿಯೇ ಇಲ್ಲವೆಂದಲ್ಲ. ಖಾಸಗಿ ಸದಸ್ಯರ ಮಸೂದೆ ಎಂದು ಒಂದಿದೆ. ಒಂದು ತಿಂಗಳ ನೋಟಿಸು, ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಖರ್ಚಿದ್ದರೆ ಹಣಕಾಸು ಟಿಪ್ಪಣಿ, ಬೊಕ್ಕಸದ ಹಣವಾದರೆ ರಾಷ್ಟ್ರಪತಿಗಳ ಶಿಫಾರಸು, ಆಮೇಲೆ ಚೀಟಿ ಎತ್ತುವುದು. ಇಷ್ಟು ದಾಟಿ ಬಂದದ್ದಕ್ಕೆ ಲೋಕಸಭೆ ಇಟ್ಟಿರುವ ವೇಳೆ ಶುಕ್ರವಾರ ಸಂಜೆಯ ಕೊನೆಯ ಎರಡೂವರೆ ಗಂಟೆ. ಅದೂ ಒಂದು ವಾರ ಮಸೂದೆಗೆ, ಮರುವಾರ ನಿರ್ಣಯಕ್ಕೆ. ಶುಕ್ರವಾರವೆಂದರೆ ಸುಪ್ರೀಂ ಕೋರ್ಟಿನಲ್ಲಿ ಬಹುಕಾಲದಿಂದ ಹೊಸ ಅರ್ಜಿಗಳ ದಿನ. ಐದು ನಿಮಿಷ ನಿಂತರೆ ಲಕ್ಷಗಳ ಲೆಕ್ಕದ ಫೀಸು, ಹಾಗಾಗಿ ಸೀನಿಯರ್‌ಗಳೆಲ್ಲ ಅಲ್ಲಿ. ಊರಿನ ವಕೀಲ್ ಸಾಹೇಬರು ವಿಮಾನ ನಿಲ್ದಾಣದ ದಾರಿಯಲ್ಲಿ. ವರ್ಷಕ್ಕೆ 34 ಪ್ರಯಾಣ ಉಚಿತವಿರುವಾಗ ಶನಿವಾರದ ಮದುವೆ ತಪ್ಪಿಸಿಕೊಳ್ಳುವುದು ಯಾಕೆ? ಸದನದಲ್ಲಿ 55 ಜನ ಇಲ್ಲದಿದ್ದರೆ ಕೋರಂ ಇಲ್ಲ, ಗಂಟೆ ಹೊಡೆದು ಮುಂದಕ್ಕೆ. ಇದ್ದರೂ ಕೊನೆಗೆ ಮಂತ್ರಿಗಳು ಎದ್ದು ‘ಸದಸ್ಯರ ಕಳಕಳಿ ಮೆಚ್ಚತಕ್ಕದ್ದು, ದಯವಿಟ್ಟು ಮಸೂದೆ ಹಿಂಪಡೆಯಿರಿ’ ಎನ್ನುತ್ತಾರೆ. ಹಿಂಪಡೆಯಲಾಗುತ್ತದೆ.

ಸ್ವಾತಂತ್ರ್ಯ ಬಂದಂದಿನಿಂದ ಹೀಗೆ ಕಾಯ್ದೆಯಾದವು 14. ಕೊನೆಯದು 1970ರಲ್ಲಿ. ಹೈಕೋರ್ಟು ಖುಲಾಸೆಯನ್ನು ತಿರುಗಿಸಿ ಜೀವಾವಧಿಯನ್ನೋ ಹತ್ತು ವರ್ಷಕ್ಕೆ ಕಮ್ಮಿಯಿಲ್ಲದ ಸಜೆಯನ್ನೋ ಕೊಟ್ಟರೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿಯ ಹಕ್ಕು ಕೊಡುವ ಕಾಯ್ದೆ ಅದು. ತಂದವರು ಆನಂದ ನಾರಾಯಣ ಮುಲ್ಲಾ: ವಕೀಲರು, ಅಲಹಾಬಾದ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಉರ್ದು ಕವಿ. ಲಖನೌದಿಂದ ಪಕ್ಷೇತರರಾಗಿ ಗೆದ್ದವರು. ಪಕ್ಷವೇ ಇಲ್ಲದವರಿಗೆ ಗೆರೆಯ ಚೀಟಿ ಕಳಿಸುವವರು ಯಾರು?

ಉಳಿದಂತೆ ಕ್ಷೇತ್ರದ ಕೆಲಸ ಇದೆ. ವರ್ಷಕ್ಕೆ 5 ಕೋಟಿ ಸಂಸದರ ನಿಧಿ. ಸಾಹೇಬರು ಶಿಫಾರಸು ಮಾಡಬಹುದು, ಮಂಜೂರಾತಿ ಜಿಲ್ಲಾಡಳಿತದ್ದು. ಬಸ್ ತಂಗುದಾಣದ ಮೇಲೆ ಹೆಸರು ಮಾತ್ರ ಸಾಹೇಬರದ್ದು.

ಇಷ್ಟಾದ ಮೇಲೂ ವಕೀಲಿಕೆಯ ಸನದು ಜೀವಂತ. ಮಂತ್ರಿಯಾದರೆ ಮಾತ್ರ ಕೋಟು ಕಳಚಬೇಕು. ಹಿಂದಿನ ಬೆಂಚಿನವರಿಗೆ ಆ ಕಷ್ಟವಿಲ್ಲ. ತಾವೇ ‘ಹೌದು’ ಎಂದ ಕಾಯ್ದೆ ಕೋರ್ಟಿನ ಕಟಕಟೆಗೆ ಬಂದಾಗ ಅದರ ಪರವಾಗಿಯೂ ನಿಲ್ಲಬಹುದು, ವಿರುದ್ಧವೂ ನಿಲ್ಲಬಹುದು. ವಕಾಲತ್ತು ಯಾವ ಕಡೆಯಿಂದ ಬಂತೋ ಆ ಕಡೆ. ವಾದ ಬಿಸಿಯಾದಾಗ ಪೀಠದಿಂದ ಮಾಮೂಲಿ ಪ್ರಶ್ನೆ ಬರುತ್ತದೆ: ಈ ಕಲಂ ಸೇರಿಸುವಾಗ ಸಂಸತ್ತಿನ ಉದ್ದೇಶವೇನಿತ್ತು? ಜೂನಿಯರ್ ಆ ದಿನದ ಸದನದ ನಡಾವಳಿ ಮುಂದೆ ಹಿಡಿಯುತ್ತಾನೆ. ಅದರಲ್ಲಿರುವುದು ಗದ್ದಲ, ಧ್ವನಿಮತ, ಮಸೂದೆ ಅಂಗೀಕಾರ. ಆ ದಿನ ಸದನದಲ್ಲೇ ಕೂತಿದ್ದ ಸಾಹೇಬರು ಉತ್ತರಕ್ಕೆ ನಾಲ್ಕು ವಾರ ಕಾಲಾವಕಾಶ ಕೋರುತ್ತಾರೆ.