ಹೋಗೋದು ಮೂರೇ ತಾಸು

ತಂಗಿಯ ಮಗ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದದ್ದು ಚಳಿಗಾಲದ ಒಂದು ಮಂಗಳವಾರ. ಬೆಂಗಳೂರಲ್ಲಿ ಮಧ್ಯಾಹ್ನ ಎರಡಕ್ಕೆ ವಿಮಾನ ಹೊರಟಿತ್ತು. ಇಳಿದವನೇ ಫೋನ್ ಮಾಡಿದ. ‘ಅಜ್ಜಿ, ಮುಟ್ಟಿದೆ. ಇಲ್ಲಿ ಮಂಗಳವಾರ ಸಂಜಿ ಐದಾಗೈತಿ.’

ಕೊಪ್ಪಳದಲ್ಲಿ ಆಗಲೇ ಬುಧವಾರ ಬೆಳಗಿನ ಆರೂವರೆ. ರಾತ್ರಿಯಿಡೀ ಹೊರಳಾಡಿದ್ದ ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು.

‘ಎರಡರಿಂದ ಐದು, ಮೂರ ತಾಸು! ಹುಬ್ಬಳ್ಳಿ ಬಸ್ಸಿಗೂ ಅಷ್ಟ ಹೊತ್ತು ಬೇಕಲ್ಲೋ ತಮ್ಮಾ. ಮತ್ತ ನಾ ಯಾಕ ನಿದ್ದಿ ಕೆಟ್ಟೆ?’

ಅವರ ಗಡಿಯಾರ ನಮಗಿಂತ ಹದಿಮೂರೂವರೆ ತಾಸು ಹಿಂದೆ, ಹುಡುಗ ಹಾರಿದ್ದು ಹದಿನಾರೂವರೆ ತಾಸು ಅಂತ ಬಿಡಿಸಿ ಹೇಳಿದೆ. ಅವ್ವ ಒಪ್ಪಲಿಲ್ಲ. ನಮ್ಮ ಕಡೆ ದೂರ ಅಳೆಯೋದೇ ತಾಸಿನಲ್ಲಿ ಅಲ್ವಾ? ಕಿಲೋಮೀಟರ್ ಏನಿದ್ದರೂ ರಸ್ತೆ ಬದಿಯ ಕಲ್ಲಿಗೆ. ಬೆಂಗಳೂರು ಅಂದರೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ನಿದ್ದೆ. ಅದೂ ಮೇಲಿನ ಬರ್ತ್ ಸಿಕ್ಕರೆ.

ಕಿಲೋಮೀಟರೇ ಬೇಕು ಅನ್ನುವವರಿಗೆ ಹೇಳುತ್ತೇನೆ: ಬೆಂಗಳೂರಿಂದ ಅಲ್ಲಿಗೆ ನೇರ ದಾರಿ ಸುಮಾರು 14,000 ಕಿ.ಮೀ. ಆದರೆ ಈ ‘ನೇರ’ ಎಂಬುದು ದೊಡ್ಡ ತಮಾಷೆ. ಗೋಡೆಯ ನಕಾಶೆ ನೋಡಿದ ನನ್ನ ಮಗಳು ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿಸಿ ಗೆರೆ ಎಳೆದಳು. ನಾನು ಅವಳ ಪುಟ್ಟ ಗ್ಲೋಬ್ ತಂದೆ. ಅವ್ವನ ಕೌದಿ ದಾರದಲ್ಲಿ ಒಂದು ತುಂಡು ಹರಿದು ಎರಡೂ ಊರಿಗೆ ಬಿಗಿಯಾಗಿ ಹಿಡಿದೆ. ದಾರ ಪಡುವಣಕ್ಕೆ ಹೋಗಲೇ ಇಲ್ಲ! ಬಡಗಣಕ್ಕೆ ತಿರುಗಿ, ಟಿಬೆಟ್, ಸೈಬೀರಿಯಾ ದಾಟಿ, ಹಿಮಸಮುದ್ರದ ಅಂಚು ಸವರಿ, ಅಲಾಸ್ಕಾ ಮೇಲಿಂದ ಇಳಿಯಿತು. ಭೂಮಿ ದುಂಡಗಿರುವುದಕ್ಕೆ ಇಷ್ಟೆಲ್ಲಾ. ನಕಾಶೆ ಅದನ್ನು ಹಪ್ಪಳದ ಹಾಗೆ ಲಟ್ಟಿಸಿ ನಮ್ಮ ದಾರಿ ತಪ್ಪಿಸುತ್ತದೆ.

ವಿಮಾನವೇನೂ ದಾರದ ಮೇಲೇ ಹೋಗಬೇಕೆಂದಿಲ್ಲ. ಗಾಳಿ ನೋಡಿಕೊಂಡು ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಅಲ್ಲಿಂದ ಬೆಂಗಳೂರಿಗೆ ಹಾರಿಸಿ ತಂದ ವಿಮಾನ ಉತ್ತರ ಧ್ರುವದ ಮೇಲೇ ಬಂದಿತ್ತು. ಶನಿವಾರ ರಾತ್ರಿ ಹೊರಟದ್ದು ಸೋಮವಾರ ನಸುಕಿಗೆ ಇಳಿಯಿತು. ಹಾರಿದ್ದು ಹದಿನೇಳು ತಾಸು ಚಿಲ್ಲರೆ, ಗಡಿಯಾರದ ಲೆಕ್ಕದಲ್ಲಿ ಮಾತ್ರ ಆದಿತ್ಯವಾರವೇ ಮಾಯ.

ಇದನ್ನು ಕೇಳಿದ ಅವ್ವ ಸೂಜಿ ನಿಲ್ಲಿಸಿದಳು. ‘ಹಂಗಾರ ಹೋಗೂದು ಹತ್ರ, ಬರೂದ ದೂರ ಅನ್ನು. ಗವಿಮಠದ ಜಾತ್ರಿಗೆ ಬರೂದಾದ್ರ ಎರಡು ದಿನ ಮೊದಲ ಹೊಂಡು ಅಂತ ಹೇಳು ಅವಂಗ.’

ಆಮೇಲೆ ಗ್ಲೋಬಿನ ಮೇಲಿದ್ದ ದಾರ ಎತ್ತಿಕೊಂಡು ಗೇಣು ಹಾಕಿ ನೋಡಿದಳು. ಸರಿಯಾಗಿ ಒಂದು ಗೇಣು.

‘ಸುಮ್ನ ಹರದಿ ನೋಡು. ಇಷ್ಟರಾಗ ನಾಕು ಹೊಲಿಗಿ ಸೈತ ಬೀಳಂಗಿಲ್ಲ.’