ಹೇಳೋರುಂಟು, ಕೇಳೋರಿಲ್ಲ

ವಾರಕ್ಕೆ 3,000 ಪಾಡ್‌ಕಾಸ್ಟ್ ಕಂತು, ಎಲ್ಲ ಎಐ ಮಾಡಿದ್ದು. ಇನ್ಸೆಪ್ಷನ್ ಪಾಯಿಂಟ್ ಎಐ ಎಂಬ ಕಂಪನಿ 2025ರಲ್ಲಿ ಹೀಗೆ ಹೇಳಿಕೊಂಡಾಗಿನಿಂದ ಪಾಡ್‌ಕಾಸ್ಟ್ ಮಂದಿಯ ನಿದ್ದೆ ಕೆಟ್ಟಿದೆ. ಕೆಡಬಾರದಿತ್ತು. ಎಂಥ ಸೊಗಸಾದ ಏರ್ಪಾಡು, ನೋಡಿ! ಒಂದು ಕಂತಿಗೆ ತಗಲುವ ಖರ್ಚು ಒಂದು ಡಾಲರಿನ ಆಸುಪಾಸು. ಇಪ್ಪತ್ತು ಜನ ಕೇಳಿದರೆ ಲಾಭ. ಕಂತೊಂದು ಇಪ್ಪತ್ತೇ ನಿಮಿಷ ಎಂದಿಟ್ಟುಕೊಂಡರೂ ವಾರಕ್ಕೆ ಸಾವಿರ ಗಂಟೆ ಮಾತಾಯಿತು. ವಾರದಲ್ಲಿ ಇರುವುದೇ 168 ಗಂಟೆ. ಊಟ, ನಿದ್ದೆ, ಸ್ನಾನ ಬಿಟ್ಟು ಒಬ್ಬ ಕೂತು ಕೇಳಿದರೂ ಒಂದು ವಾರದ ಸರಕು ಮುಗಿಸಲು ಆರು ವಾರ ಹಿಡಿಯುತ್ತದೆ. ಅಷ್ಟರೊಳಗೆ ಬಾಗಿಲಲ್ಲಿ ಇನ್ನೂ 18,000 ಕಂತು ಬಂದು ಬಿದ್ದಿರುತ್ತವೆ. ಇವನ್ನು ಹೊರಬಿಟ್ಟವರೇ ಇವನ್ನು ಪೂರ್ತಿ ಕೇಳಿರಲಾರರು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಎಐ ಮಾಡಿದ್ದನ್ನೆಲ್ಲ ಕಸ ಎನ್ನುವವರು ಬಹುಶಃ ಸೋಮಾರಿಗಳು ಎಂದು ಕಂಪನಿಯ ಮುಖ್ಯಸ್ಥೆ ಅಪ್ಪಣೆ ಕೊಡಿಸಿದರು. ಒಪ್ಪೋಣ. ಕೇಳದೆ ಪ್ರಕಟಿಸುವವರು ಶ್ರಮಜೀವಿಗಳು. ಅತಿಥಿಯ ಒಂದು ಉಗುಳು ನುಂಗುವ ಸದ್ದು ಕತ್ತರಿಸಲು ಅರ್ಧ ರಾತ್ರಿ ಪರದೆ ಹಿಗ್ಗಿಸಿಕೊಂಡು ಕೂತವರು ಸೋಮಾರಿಗಳು.

ಆದರೆ ಯಂತ್ರವನ್ನೇ ಬೈದು ಪ್ರಯೋಜನವಿಲ್ಲ. ಕೇಳುವವರಿಲ್ಲದೆಯೂ ಪಾಡ್‌ಕಾಸ್ಟ್ ನಡೆಸಬಹುದೆಂದು ಈ ಉದ್ಯಮ ಮನುಷ್ಯರಿದ್ದಾಗಲೇ ಕಂಡುಕೊಂಡಿತ್ತು.

ಡೌನ್‌ಲೋಡ್ ಎಂಬ ದೇವರನ್ನೇ ತೆಗೆದುಕೊಳ್ಳಿ. ಜಾಹೀರಾತಿನವರ ಸಂಸ್ಥೆಯಾದ ಐಎಬಿಯ ನಿಯಮದ ಪ್ರಕಾರ, ಒಂದು ನಿಮಿಷದಷ್ಟು ಆಡಿಯೊ ಸರ್ವರ್‌ನಿಂದ ಇಳಿದರೆ ಅದು ಒಂದು ಡೌನ್‌ಲೋಡ್. ಒಂದೇ ಐಪಿ ವಿಳಾಸ (ಅಂದರೆ ಒಂದೇ ಇಂಟರ್‌ನೆಟ್ ಸಂಪರ್ಕ), ಒಂದೇ ಆ್ಯಪ್ ಆಗಿದ್ದರೆ 24 ಗಂಟೆಯೊಳಗೆ ಎಷ್ಟು ಸಲ ಇಳಿದರೂ ಒಂದೇ. ಮನೆಯ ವೈಫೈನಲ್ಲಿ ಅರ್ಧ ಕೇಳಿ, ಉಳಿದರ್ಧವನ್ನು ದಾರಿಯಲ್ಲಿ ಮೊಬೈಲ್ ಡೇಟಾದಲ್ಲಿ ಕೇಳಿದವನು ಇಬ್ಬರಾಗುತ್ತಾನೆ. ಒಂದೇ ಕಚೇರಿಯ ನೆಟ್‌ವರ್ಕ್‌ನಲ್ಲಿ ಒಂದೇ ಬಗೆಯ ಫೋನ್ ಹಿಡಿದು ಕೇಳಿದ ಹತ್ತು ಜನ ಒಬ್ಬರಾಗುತ್ತಾರೆ. ಫೋನ್ ತಾನೇ ಇಳಿಸಿಕೊಂಡು, ಯಾರೂ ಮುಟ್ಟದೆ, ಜಾಗ ಸಾಲದಾದಾಗ ತಾನೇ ಅಳಿಸಿದ ಕಂತೂ ಲೆಕ್ಕಕ್ಕೆ ಸೇರುತ್ತದೆ. ನಿಯಮ ತಪ್ಪೆಂದಲ್ಲ. ಸರ್ವರ್‌ನ ಲಾಗ್ ನೋಡಿ ಇದಕ್ಕಿಂತ ಹೆಚ್ಚೇನೂ ಹೇಳಲಾಗದು. ಎಷ್ಟು ಕಡತ ಹೊರಟವು ಎಂಬುದು ಸರ್ವರ್‌ಗೆ ಗೊತ್ತು, ಕಿವಿಯ ವಿಷಯ ಅದಕ್ಕೇನು ಗೊತ್ತು? ತಮಾಷೆ ಇರುವುದು ಈ ಅಂಕಿಯನ್ನು ಜಾಹೀರಾತುದಾರರ ಮುಂದೆ ಹಿಡಿದು 'ನಮ್ಮ ಕೇಳುಗರು' ಎನ್ನುವಲ್ಲಿ.

2023ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಫೋನಿನ ತಂತ್ರಾಂಶ ಐಒಎಸ್ 17 ತಂದಿತು. ಕೇಳುವುದನ್ನು ಬಿಟ್ಟವರ ಫೋನಿಗೆ ಆ್ಯಪಲ್‌ನ ಪಾಡ್‌ಕಾಸ್ಟ್ ಆ್ಯಪ್ ಕಂತು ಇಳಿಸುವುದನ್ನು ಮೊದಲೂ ನಿಲ್ಲಿಸುತ್ತಿತ್ತು. ಆದರೆ ಅವರು ಮರಳಿ ಬಂದ ದಿನ, ತಪ್ಪಿಹೋದ ಕಂತುಗಳನ್ನೆಲ್ಲ ಒಟ್ಟಿಗೆ ತುಂಬಿಬಿಡುತ್ತಿತ್ತು. ಆ ಚಾಳಿ ನಿಂತಿತು. ದಿನಕ್ಕೊಂದು ಕಂತು ಬಿಡುತ್ತಿದ್ದ ದೊಡ್ಡ ದೊಡ್ಡ ಕಾರ್ಯಕ್ರಮಗಳ ಅಂಕಿ ಕುಸಿಯಿತು. ಒಬ್ಬ ಕೇಳುಗನೂ ಕಳೆದುಹೋಗಿರಲಿಲ್ಲ. ಕೇಳದಿದ್ದವರು ಮಾತ್ರ ಕಳೆದುಹೋಗಿದ್ದರು. ಆದರೂ ಉದ್ಯಮ ಸೂತಕ ಆಚರಿಸಿತು.

ಕೇಳುವವರನ್ನು ಹುಡುಕಲು ಹೊರಟವರ ಚಾತುರ್ಯವನ್ನೂ ಮೆಚ್ಚಬೇಕು. ಮೊಬೈಲ್ ಆಟದ ನಡುವೆ ಜಾಹೀರಾತು ಬರುತ್ತದಲ್ಲ, ಒತ್ತಿದರೆ ನಾಣ್ಯವೋ ಜೀವವೋ ಸಿಗುತ್ತದಲ್ಲ, ಅದರೊಳಗೆ ಪಾಡ್‌ಕಾಸ್ಟ್ ಕಂತನ್ನು ಓಡಿಸಿ ಡೌನ್‌ಲೋಡ್ ಎಣಿಸಿಕೊಂಡ ಕಥೆಯನ್ನು 2022ರಲ್ಲಿ ಬ್ಲೂಮ್‌ಬರ್ಗ್ ಹೊರಗೆಳೆಯಿತು. ಅದರಲ್ಲಿದ್ದದ್ದು ಪುಟಗೋಸಿ ಕಂಪನಿಯಲ್ಲ, ಅಮೆರಿಕದ ರೇಡಿಯೊ ದೈತ್ಯ ಐಹಾರ್ಟ್‌ಮೀಡಿಯಾ. ಮರುವರ್ಷ ಅದೇ ಬ್ಲೂಮ್‌ಬರ್ಗ್ ಇನ್ನೊಂದು ಸುದ್ದಿ ತಂದಿತು: ಮಳೆ ಸದ್ದು, ಫ್ಯಾನ್ ಸದ್ದು, ಬರೀ 'ಶ್ಶ್' ಎನ್ನುವ ಸದ್ದಿನ ಪಾಡ್‌ಕಾಸ್ಟ್‌ಗಳನ್ನು ಸ್ಪಾಟಿಫೈನಲ್ಲಿ ಜನ ದಿನಕ್ಕೆ 30 ಲಕ್ಷ ಗಂಟೆ ಕೇಳುತ್ತಾರೆ, ಅವನ್ನು ಬದಿಗೆ ದೂಡಿದರೆ ವರ್ಷಕ್ಕೆ 3.8 ಕೋಟಿ ಡಾಲರ್ ಲಾಭ ಹೆಚ್ಚುತ್ತದೆ ಎಂದು ಕಂಪನಿಯೊಳಗೇ ಲೆಕ್ಕ ನಡೆದಿತ್ತು. ನಡುವೆ ಎದ್ದು ಹೋಗದ, ಜಾಹೀರಾತು ದಾಟಿಸದ, ಕಂತನ್ನು ಪೂರ್ತಿ ಮುಗಿಸುವ ಕೇಳುಗ ಕೊನೆಗೂ ಸಿಕ್ಕಿದ್ದ. ಗೊರಕೆ ಹೊಡೆಯುತ್ತಿದ್ದ, ಅದೊಂದೇ ಕೊರತೆ.

ಅದೇ ಸ್ಪಾಟಿಫೈ 2025ರ ಮೇ ತಿಂಗಳಲ್ಲಿ ಪ್ರತಿ ಕಂತಿನ ಪಕ್ಕದಲ್ಲಿ 'ಪ್ಲೇ' ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಹಚ್ಚುತ್ತೇನೆಂದಿತು. ಸಣ್ಣವರು ಬಾಯಿ ಬಡಿದುಕೊಂಡರು: 'ಹನ್ನೊಂದು' ಎಂದು ಬರೆದಿರುವ ಬಾಗಿಲನ್ನು ಯಾರು ತಟ್ಟುತ್ತಾರೆ ಸ್ವಾಮಿ? ಹೆಚ್ಚು ದಿನ ಕಳೆಯುವ ಮೊದಲೇ ಕಂಪನಿ ಮನಸ್ಸು ಬದಲಿಸಿ, 50,000 ದಾಟಿದ ಮೇಲಷ್ಟೇ ಮೈಲಿಗಲ್ಲು ತೋರಿಸುವುದೆಂದು ತೀರ್ಮಾನಿಸಿತು. ಅಲ್ಲಿಗೆ ಸಣ್ಣವರ ಮಾನ ಉಳಿಯಿತು. ದೊಡ್ಡವರಿಗೆ ಬಿರುದು ಸಿಕ್ಕಿತು.

ಇನ್ನು ಸಲಹೆಯ ಅಂಗಡಿ. ಪಾಡ್‌ಕಾಸ್ಟ್ ಮಾಡಿ ದುಡ್ಡು ಮಾಡಿದವರಿಗಿಂತ, ಪಾಡ್‌ಕಾಸ್ಟ್ ಮಾಡುವುದು ಹೇಗೆಂದು ಹೇಳಿ ದುಡ್ಡು ಮಾಡಿದವರೇ ಜಾಸ್ತಿ ಇರಬೇಕು. ಇವರ ಮೊದಲ ಮಂತ್ರ: 'ಐದು ಸ್ಟಾರ್ ಕೊಡಿ, ರಿವ್ಯೂ ಬರೆಯಿರಿ, ಚಾರ್ಟ್‌ನಲ್ಲಿ ಮೇಲೆ ಬರುತ್ತೇವೆ.' ಆ್ಯಪಲ್ ತನ್ನ ಸಹಾಯಪುಟದಲ್ಲಿ ಸ್ಪಷ್ಟವಾಗಿ ಬರೆದಿದೆ: ಚಾರ್ಟ್ ನಿಲ್ಲುವುದು ಕೇಳುವಿಕೆ, ಫಾಲೊ, ಕಂತನ್ನು ಮುಗಿಸುವ ಪ್ರಮಾಣ ಇವುಗಳ ಮೇಲೆ, ರೇಟಿಂಗ್, ರಿವ್ಯೂ, ಶೇರ್ ಯಾವುದೂ ಲೆಕ್ಕಕ್ಕಿಲ್ಲ. ಆದರೂ ಜಗತ್ತಿನ ಪ್ರತಿಯೊಂದು ಕಂತಿನ ಕೊನೆಯ ಒಂದು ನಿಮಿಷ ಈ ಭಿಕ್ಷಾಟನೆಗೇ ಮೀಸಲು. ಆ ನಿಮಿಷ ತೆಗೆದುಬಿಟ್ಟರೆ ಕಂತು ಮುಗಿಸುವವರ ಪ್ರಮಾಣವಾದರೂ ಏರೀತು.

ಎರಡನೇ ಮಂತ್ರ, ಮೈಕ್. ಥಂಬ್‌ನೇಲ್‌ನಲ್ಲಿ ಶ್ಯೂರ್ ಎಸ್‌ಎಂ7ಬಿ ಕಾಣದಿದ್ದರೆ ಅದು ಪಾಡ್‌ಕಾಸ್ಟೇ ಅಲ್ಲವಂತೆ. ಮೈಕೇನೋ ಒಳ್ಳೆಯದು, ಆದರೆ ಅದರ ಸಿಗ್ನಲ್ ಬಹಳ ಕ್ಷೀಣ. 60 ಡೆಸಿಬೆಲ್‌ನಷ್ಟು ಶುದ್ಧ ಗೇನ್ (ಸಿಗ್ನಲ್ ಹಿಗ್ಗಿಸುವಿಕೆ) ಬೇಡುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಆಡಿಯೊ ಇಂಟರ್‌ಫೇಸ್‌ಗೆ ಅಷ್ಟು ತ್ರಾಣವಿರುವುದಿಲ್ಲ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ಮಾತಿನ ಜೊತೆ 'ಸ್ಸ್ಸ್' ಸದ್ದೂ ಏಳುತ್ತದೆ. ಆಮೇಲೆ ಅದಕ್ಕೆಂದು ಕ್ಲೌಡ್‌ಲಿಫ್ಟರ್ ಥರದ ಬೂಸ್ಟರ್. ಆ ಬೂಸ್ಟರ್‌ಗೆ ಮೈಕಿನ ತಂತಿಯಲ್ಲೇ ಹರಿಯುವ 48 ವೋಲ್ಟ್ ಫ್ಯಾಂಟಮ್ ಪವರ್ ಹಾಕಬೇಕೆಂದು ತಿಳಿಯದೆ, ಅದೂ ಕೆಟ್ಟಿದೆ ಎಂದು ವಾಪಸ್ ಕಳಿಸುವುದು. ಇಷ್ಟೆಲ್ಲ ಆದ ಮೇಲೂ ದನಿ ಬಾವಿಯಿಂದ ಬಂದಂತೆಯೇ ಇರುತ್ತದೆ. ಏಕೆಂದರೆ ರೋಗ ಇದ್ದದ್ದು ಕೋಣೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬೋಳು ಗೋಡೆ, ಗಾಜಿನ ಕಿಟಕಿ, ಟೈಲ್ಸ್ ನೆಲ ಇದ್ದ ಕಡೆ ಯಾವ ಮೈಕ್ ಇಟ್ಟರೂ ಅಷ್ಟೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಮುಖ ಮಾಡಿ ಕೂರಿ, ಬೆನ್ನ ಹಿಂದೆ ದಪ್ಪ ಹೊದಿಕೆ ನೇತುಹಾಕಿ. ಗೋಡೆಗೆ ಅಂಟಿಸುವ ತೆಳು ಫೋಮ್ ತುಂಡುಗಳು ಸೂಕ್ಷ್ಮ ಸ್ವರಗಳನ್ನಷ್ಟೇ ನುಂಗಿ ಕೆಳಸ್ವರದ ಗುಂಯ್‌ಗುಡುವಿಕೆಯನ್ನು ಹಾಗೇ ಬಿಡುತ್ತವೆ. ಅವು ಕ್ಯಾಮೆರಾಕ್ಕೆ ಅಲಂಕಾರ. ಬಾಯಿಂದ ಮೈಕ್ ನಾಲ್ಕು ಬೆರಳು ದೂರವಿರಲಿ, ನೇರ ಎದುರಿಗಲ್ಲದೆ ಸ್ವಲ್ಪ ಓರೆಗೆ, 'ಪ', 'ಬ'ಗಳ ಗಾಳಿ ಬಡಿಯದ ಹಾಗೆ. ದೂರ ಎರಡು ಪಟ್ಟಾದರೆ ನಿಮ್ಮ ದನಿ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಪ್ರತಿಧ್ವನಿ ಮಾತ್ರ ಇದ್ದಲ್ಲೇ ಇರುತ್ತದೆ. ದಪ್ಪ ಯುಎಸ್‌ಬಿ ಮೈಕ್ ಇದ್ದವರು ಅದಕ್ಕೆ ಪಕ್ಕದಿಂದ ಕೇಳಿಸುತ್ತದೋ ತುದಿಯಿಂದಲೋ ಎಂದು ಒಮ್ಮೆ ನೋಡಿಕೊಳ್ಳಿ. ಪಕ್ಕದಿಂದ ಕೇಳುವ ಮೈಕಿನ ನೆತ್ತಿಗೆ ಮಾತಾಡಿ ವರ್ಷ ಕಳೆದವರಿದ್ದಾರೆ. ಇಂಥದ್ದನ್ನು ಯಾವ ಕೋರ್ಸ್‌ನಲ್ಲೂ ಮೊದಲ ಪಾಠವಾಗಿ ಹೇಳುವುದಿಲ್ಲ. ಕಪಾಟಿನ ಬಾಗಿಲಿಗೆ ಕಮಿಷನ್ ಲಿಂಕ್ ಇಲ್ಲವಲ್ಲ.

ದೂರದ ಅತಿಥಿ ಬ್ಲೂಟೂತ್ ಇಯರ್‌ಬಡ್ಸ್ ಹಾಕಿಕೊಂಡು ಬಂದರೆ ತಕ್ಷಣ ತೆಗೆಸಿ. ಅದರ ಮೈಕ್ ಎಚ್ಚೆತ್ತ ಗಳಿಗೆಯೇ ದನಿ ಹಳೇ ಟೆಲಿಫೋನಿನ ಮಟ್ಟಕ್ಕೆ ಇಳಿಯುತ್ತದೆ. ತಂತಿಯ ಇಯರ್‌ಫೋನ್ ವಾಸಿ. ಕರೆಯ ದನಿಯನ್ನೇ ರೆಕಾರ್ಡ್ ಮಾಡಿಕೊಳ್ಳದೆ ಇಬ್ಬರೂ ಅವರವರ ಕಡೆ ರೆಕಾರ್ಡ್ ಮಾಡಿ, ಶುರುವಿನಲ್ಲಿ ಮತ್ತು ಕೊನೆಯಲ್ಲಿ ಒಂದೊಂದು ಚಪ್ಪಾಳೆ ಹೊಡೆದಿಡಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುವುದೆಂಬ ಲೆಕ್ಕ) ಇಬ್ಬರದೂ ಒಂದೇ ಇರಲಿ. 48 ಕಿಲೋಹರ್ಟ್ಸ್‌ನಲ್ಲಿ ಹಿಡಿದದ್ದನ್ನು 44.1 ಎಂದು ಓದಿಸಿದರೆ ಒಂದು ಗಂಟೆಯ ಮಾತು 65 ನಿಮಿಷ ದಾಟುತ್ತದೆ, ಅತಿಥಿಯ ದನಿ ನಿದ್ದೆಗಣ್ಣಿನದಾಗುತ್ತದೆ. ರೇಟ್ ಒಂದೇ ಇದ್ದರೂ ಎರಡು ಯಂತ್ರಗಳ ಗಡಿಯಾರ ಒಂದೇ ಓಡುವುದಿಲ್ಲ. ಗಂಟೆಯ ಕೊನೆಗೆ ಒಬ್ಬರ ನಗು ಇನ್ನೊಬ್ಬರ ಜೋಕಿಗಿಂತ ಮೊದಲೇ ಬರುವುದು ಅದಕ್ಕೇ. ಮೊದಲ ಚಪ್ಪಾಳೆ ಇರುವುದು ಎರಡು ಕಡತಗಳನ್ನು ಜೋಡಿಸಲು, ಕೊನೆಯದು ಆ ಅಂತರ ಅಳೆಯಲು. ಎಲ್ಲ ಮುಗಿದ ಮೇಲೆ ಲೌಡ್‌ನೆಸ್ ಅನ್ನು ಮೈನಸ್ 16 ಲಫ್ಸ್‌ಗೆ (ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತದೆಂಬ ಅಳತೆ), ಅತಿ ಎತ್ತರದ ಶಿಖರವನ್ನು ಮೈನಸ್ 1 ಡೆಸಿಬೆಲ್‌ಗೆ ನಿಲ್ಲಿಸಿ. ಮೊನೊ (ಒಂದೇ ಚಾನೆಲ್‌ನ) ಕಡತವಾದರೆ ಮೈನಸ್ 19. ಇಷ್ಟು ಮಾಡಿದರೆ ಕೇಳುವವರು ಪದೇ ಪದೇ ವಾಲ್ಯೂಮ್ ಗುಂಡಿಗೆ ಕೈ ಹಾಕುವುದಿಲ್ಲ. ನಡುವೆ ತೂರಿಬರುವ ಜಾಹೀರಾತು ಕಿವಿ ಹರಿದರೆ ಅದು ಬೇರೆ ಇಲಾಖೆ.

ಈ ಪಾಠವೆಲ್ಲ ಈಗ ದಂಡ ಎಂದೂ ಹೇಳುತ್ತಾರೆ. ಪಾಡ್‌ಕಾಸ್ಟ್ ಎಂದರೆ ಈಗ ನೋಡುವುದಂತೆ. ತಿಂಗಳಿಗೆ ನೂರು ಕೋಟಿ ಜನ ನಮ್ಮಲ್ಲಿ ಪಾಡ್‌ಕಾಸ್ಟ್ ಬಳಸುತ್ತಾರೆಂದು ಯೂಟ್ಯೂಬ್ 2025ರಲ್ಲಿ ಘೋಷಿಸಿತು. ಅಂದಿನಿಂದ ಸೋಫಾ, ಗಿಡದ ಕುಂಡ, ಬೆನ್ನ ಹಿಂದೊಂದು ನೇರಳೆ ದೀಪ ಇಲ್ಲದೆ ಬಾಯಿ ತೆರೆಯುವ ಹಾಗಿಲ್ಲ. 64 ಕೆಬಿಪಿಎಸ್ ಮೊನೊದಲ್ಲಿ ಗಂಟೆಯ ಮಾತು ಸುಮಾರು 29 ಎಂಬಿ. ಅದೇ ಮಾತಿಗೆ ಇಬ್ಬರ ಮುಖ ಸೇರಿಸಿ 5 ಎಂಬಿಪಿಎಸ್‌ನಲ್ಲಿ ವಿಡಿಯೊ ಮಾಡಿದರೆ 2 ಜಿಬಿ ದಾಟುತ್ತದೆ. ಹೆಚ್ಚುವರಿ ತೂಕದಲ್ಲಿ ನಮಗೆ ಸಿಕ್ಕಿದ್ದು ಇಬ್ಬರು ಹೆಡ್‌ಫೋನ್ ಹಾಕಿಕೊಂಡು ಎದುರುಬದುರು ತಲೆದೂಗುವ ದೃಶ್ಯ. ಗೋಲ್ಡನ್ ಗ್ಲೋಬ್‌ನವರು 2026ರಲ್ಲಿ ಮೊದಲ ಬಾರಿ ಪಾಡ್‌ಕಾಸ್ಟ್‌ಗೂ ಪ್ರಶಸ್ತಿ ಕೊಟ್ಟರು. ಸ್ಪರ್ಧೆಗೆ ಅರ್ಹವಾಗಿದ್ದು 25 ಕಾರ್ಯಕ್ರಮ. ಗೆದ್ದದ್ದು ಹಾಲಿವುಡ್ ನಟಿ ಏಮಿ ಪೋಲರ್ ಅವರದು. ಯಾರಿಗೂ ಆಶ್ಚರ್ಯವಾಗಲಿಲ್ಲ.

ಸಾಕು, ವ್ಯಂಗ್ಯ ಬಾಯಿಗೆ ಬರುತ್ತಿಲ್ಲ. ಬಜ್‌ಸ್ಪ್ರೌಟ್ ಎಂಬ ಹೋಸ್ಟಿಂಗ್ ಕಂಪನಿ, ಅಂದರೆ ಪಾಡ್‌ಕಾಸ್ಟ್ ಕಡತಗಳನ್ನು ಇಟ್ಟು ಹಂಚುವ ಕಂಪನಿ, ತನ್ನ ಅಂಕಿಅಂಶವನ್ನು ಎಲ್ಲರೂ ನೋಡುವಂತೆ ಇಟ್ಟಿದೆ. ಮೊದಲ ಏಳು ದಿನದಲ್ಲಿ ಮೂವತ್ತರ ಆಸುಪಾಸು ಡೌನ್‌ಲೋಡ್ ದಾಟಿದ ಕಂತು ಮೇಲಿನ ಅರ್ಧಕ್ಕೆ ಸೇರುತ್ತದೆ. ಮೂವತ್ತು. ಜಾಹೀರಾತಿನ ದರ ನಿಗದಿಯಾಗುವುದು ಸಾವಿರ ಡೌನ್‌ಲೋಡ್‌ಗೆ ಇಷ್ಟೆಂದು. ಈ ಎರಡು ಅಂಕಿ ಗೊತ್ತಿದ್ದೂ 'ಆರು ತಿಂಗಳಲ್ಲಿ ಕೆಲಸ ಬಿಟ್ಟು ಪಾಡ್‌ಕಾಸ್ಟ್‌ನಿಂದಲೇ ಬದುಕಿ' ಎಂದು ಕೋರ್ಸ್ ಮಾರುವುದಕ್ಕೆ ಮೋಸ ಎಂದೇ ಹೆಸರು, ಬೇರೆ ಮರ್ಯಾದೆಯ ಹೆಸರಿಲ್ಲ. ಕೆಲಸ ಮುಗಿಸಿ ಬಂದು, ಮಕ್ಕಳನ್ನು ಮಲಗಿಸಿ, ಕಪಾಟಿನ ಮುಂದೆ ಕೂತು ಮಾತಾಡುವವರ ಜೇಬಿಗೆ ಕೈ ಹಾಕುವವರು ಇವರು. ಮೂವತ್ತು ಜನ ನಿಜಕ್ಕೂ ಕೇಳುತ್ತಿದ್ದರೆ ಅದು ಸೋಲಲ್ಲ ಎಂದು ಹೇಳುವ ಒಬ್ಬ ಸಲಹೆಗಾರನೂ ಇಲ್ಲ, ಏಕೆಂದರೆ ಹಾಗೆ ಹೇಳಿದರೆ ಮಾರಲು ಏನೂ ಉಳಿಯುವುದಿಲ್ಲ.

ಇಷ್ಟರ ಮೇಲೂ ನಡೆಸುತ್ತೇನೆನ್ನುವವರು ಫೀಡ್ ಮಾತ್ರ ಯಾರ ಕೈಗೂ ಕೊಡಬೇಡಿ. ಫೀಡ್ ಎಂದರೆ ಕಂತುಗಳ ಪಟ್ಟಿ ಇರುವ, ಆರ್‌ಎಸ್‌ಎಸ್ ಎಂಬ ಬಡಪಾಯಿ ಪಠ್ಯಕಡತ. ಇಡೀ ಕಟ್ಟಡ ನಿಂತಿರುವುದು ಅದರ ಮೇಲೆ. ಅದಕ್ಕೆ ಆಡಿಯೊ ಅಂಟಿಸುವ ಟ್ಯಾಗ್ ಸೇರಿದ್ದು 2000ದಲ್ಲಿ, ಇಂದಿಗೂ ದುಡಿಯುತ್ತಿದೆ. ಪಾಡ್‌ಕಾಸ್ಟ್ ಆ್ಯಪ್‌ಗಳ ಪೈಕಿ ಸ್ಟಿಚರ್ 2023ರಲ್ಲಿ ಮುಚ್ಚಿತು, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು, ಹೋಸ್ಟಿಂಗ್ ತಾಣವಾದ ಆ್ಯಂಕರ್ ಹೋಗಿ ಸ್ಪಾಟಿಫೈ ಫಾರ್ ಪಾಡ್‌ಕಾಸ್ಟರ್ಸ್ ಆಗಿ, ಅದೂ ಹೋಗಿ ಸ್ಪಾಟಿಫೈ ಫಾರ್ ಕ್ರಿಯೇಟರ್ಸ್ ಆಯಿತು. ಮುಂದಿನ ನಾಮಕರಣಕ್ಕೆ ಮುಂಚೆ ನಿಮ್ಮ ಹೋಸ್ಟ್ 301 ರಿಡೈರೆಕ್ಟ್ (ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಕಾಯಂ ಸೂಚನೆ) ಕೊಡುತ್ತದೋ ಇಲ್ಲವೋ ಕೇಳಿಟ್ಟುಕೊಳ್ಳಿ. ಮನೆ ಬದಲಿಸುವಾಗ ಹಳೇ ಫೀಡ್‌ನಿಂದ ಹೊಸದಕ್ಕೆ ಆ ರಿಡೈರೆಕ್ಟ್ ಹಾಕಿ, ಹೊಸ ಫೀಡ್‌ನಲ್ಲಿ ಹೊಸ ವಿಳಾಸದ ಟ್ಯಾಗ್ ಸೇರಿಸಿ, ಹಳೇ ಖಾತೆಯನ್ನು ಕನಿಷ್ಠ ನಾಲ್ಕು ವಾರ ಮುಚ್ಚಬೇಡಿ. ಪ್ರತಿ ಕಂತಿನ ಜಿಯುಐಡಿ, ಅಂದರೆ ಅದರ ಗುರುತಿನ ಸಂಕೇತ, ಒಂದಕ್ಷರವೂ ಬದಲಾಗದೆ ಹಾಗೇ ಬಂದಿದೆಯೇ ನೋಡಿ. ಅದು ಬದಲಾದರೆ ಆ್ಯಪ್‌ಗಳು ಹಳೆಯ ಕಂತುಗಳನ್ನೆಲ್ಲ ಹೊಸದೆಂದು ತಿಳಿದು ಮತ್ತೆ ಇಳಿಸಿಕೊಳ್ಳುತ್ತವೆ. ಆ ವಾರದ ಡೌನ್‌ಲೋಡ್ ಅಂಕಿ ಆಕಾಶಕ್ಕೇರುತ್ತದೆ, ಪ್ರಾಯೋಜಕರಿಗೆ ಕಳಿಸಲು ಅದಕ್ಕಿಂತ ಚೆಂದದ ಗ್ರಾಫ್ ಸಿಗದು.